ಎಸ್‌ಓಎಸ್ ಅಂದ್ರೆ ಏನಣ್ಣ?

ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ ಅಶೋಕನ ಶಾಸನ ನೋಡಿಕೊಂಡು ಬರೋಣ ಅಂತ ನಾವು ನಾಲ್ಕು ಜನ ಹೊರಟಾಗ ನಮ್ಮಲ್ಲೊಬ್ಬನ ಅಪ್ಪನೂ ಜೊತೆಗೆ ಬಂದಿದ್ದರು. ಮೊಳಕಾಲ್ಮೂರು ಕಡೆಯ ನೇಕಾರರು. ಬೈಕಿನಿಂದ ಬಿದ್ದು ಬಲಗಾಲಿನ ಹರಡಿನ ಮೂಳೆ ಮುರಿದು, ಪ್ಲೇಟು ಸ್ಕ್ರೂ ಹಾಕಿಸಿಕೊಂಡು ಏಳು ವಾರ ಆಗಿತ್ತು. "ನೀವು ಹತ್ತಿ ಬರ್ರಪ್ಪ, ನಾನು ಕೆಳಗಿಂದಲೇ ರಾಮೇಶ್ವರನಿಗೆ ಕೈ ಮುಗೀತೀನಿ" ಅಂತ ಕಾಲು ಇಳಿಬಿಟ್ಟುಕೊಂಡು ಕಟ್ಟೆ ಮೇಲೆ ಕೂತರು.

ನಾವು ಇಳಿದು ಬರುವ ಹೊತ್ತಿಗೆ ಅವರ ಸುತ್ತ ಆರೇಳು ಜನ ಸೇರಿದ್ದರು. ಬಲಪಾದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಡಪಾದ ಎಂದಿನಂತೆ ಇತ್ತು. "ಒಳಗೆ ಕಬ್ಬಿಣ ತುಕ್ಕು ಹಿಡಿದೈತೆ" ಅಂದರು ಒಬ್ಬರು. "ವಿಷ ಏರೈತೆ, ಪಾದ ತೆಗೀಬೇಕಾಗ್ತದೆ" ಅಂದರು ಇನ್ನೊಬ್ಬರು. ಮತ್ತೊಬ್ಬರು ಮಾತಾಡದೆ ಪೂಜೆಗೆ ತಂದಿದ್ದ ಎಣ್ಣೆ ಬಾಟಲಿ ತೆಗೆದು ಅವರ ಮೀನಖಂಡವನ್ನು ಗಟ್ಟಿಯಾಗಿ ನೀವಲು ಶುರು ಮಾಡಿದ್ದರು. ನಮ್ಮ ಗೆಳೆಯನ ಮುಖ ಬಿಳುಚಿಕೊಂಡಿತ್ತು. ಅಪ್ಪನ ಮುಖದಲ್ಲಿ ಅದಕ್ಕಿಂತ ಕೆಟ್ಟದ್ದು ಕಂಡಿತು. ಅವರು ಆಗಲೇ ಕಾಲಿನ ಆಸೆ ಬಿಟ್ಟವರಂತೆ ಕೂತಿದ್ದರು.

ಡಿಸ್ಚಾರ್ಜ್ ಚೀಟಿ ಅವರ ಹತ್ತಿರವೇ ಇತ್ತು. ರೇಷನ್ ಕಾರ್ಡು, ಆಧಾರ್ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಮೂರು ಪುಟ, ಪೂರ್ತಿ ಇಂಗ್ಲಿಷ್. ಕೊನೆಯ ಪುಟದಲ್ಲಿ 'ಲಿಂಬ್ ಎಲಿವೇಷನ್', ಅದರ ಕೆಳಗೆ 'ವಾಚ್ ಫಾರ್ ಡಿಸ್‌ಕಲರೇಷನ್', ಅದರ ಕೆಳಗೆ 'ರಿವ್ಯೂ ಎಸ್‌ಓಎಸ್'. ಪತ್ರಿಕೋದ್ಯಮದ ಡಿಗ್ರಿ ಮಾಡಿದ ನಾವು ನಾಲ್ಕು ಜನ ಆ ಮೂರು ಸಾಲು ಓದಿದೆವು. ಓದಿಯೂ, ಈಗ ಏನು ಮಾಡಬೇಕು ಅನ್ನೋದು ನಮಗೆ ತಿಳಿಯಲಿಲ್ಲ.

ಕೊನೆಗೆ ನಮ್ಮ ಬ್ಯಾಚಿನ ಗೆಳತಿಯೊಬ್ಬಳ ಅಕ್ಕನಿಗೆ ಫೋನ್ ಹಚ್ಚಿದೆವು. ಅವರು ಸ್ಟಾಫ್ ನರ್ಸ್. ಮೊದಲ ಮಾತೇ "ಆ ನೀವೋದು ನಿಲ್ಸಿ". ಆಮೇಲೆ ಒಂದೊಂದಾಗಿ ಕೇಳಿದರು. ಪಾದ ಬೆಚ್ಚಗಿದೆಯಾ, ತಣ್ಣಗಿದೆಯಾ? ಇನ್ನೊಂದು ಪಾದ ಮುಟ್ಟಿ ಹೋಲಿಸಿ. ಬೆರಳು ಆಡಿಸ್ತಾರಾ? ಮುಟ್ಟಿದ್ದು ಗೊತ್ತಾಗುತ್ತಾ? ಮೀನಖಂಡ ಊದಿದೆಯಾ, ಒತ್ತಿದರೆ ನೋವಾ? ಹೆಬ್ಬೆರಳಿನ ಉಗುರು ಒತ್ತಿ ಬಿಡಿ, ಬಣ್ಣ ಎಷ್ಟು ಬೇಗ ವಾಪಸ್ ಬರುತ್ತೆ? ಈಗ ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಇಟ್ಟು ಐದು ನಿಮಿಷ ಬಿಡಿ.

ಬ್ಯಾಗುಗಳ ಮೇಲೆ ಕಾಲಿಟ್ಟು ಮಲಗಿಸಿದೆವು. ನೋಡನೋಡುತ್ತಲೇ ನೇರಳೆ ಬಣ್ಣ ಇಳಿಯಿತು. ಎತ್ತಿದ ಕಾಲು ಬಿಳುಚಲೂ ಇಲ್ಲ, ನೋಯಲೂ ಇಲ್ಲ. "ಏನೂ ಆಗಿಲ್ಲ. ನಾಳೆ ನಾಡಿದ್ದರಲ್ಲಿ ಒಂದ್ಸಲ ಡಾಕ್ಟರಿಗೆ ತೋರಿಸಿ, ಸಾಕು" ಅಂದರು ಅಕ್ಕ. ಇಡೀ ಮಾತುಕತೆ ಹತ್ತು ನಿಮಿಷ ದಾಟಿರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ಆ ಆರು ದಿನದಲ್ಲಿ ಈ ಹತ್ತು ನಿಮಿಷ ಯಾರಿಗೂ ಸಿಕ್ಕಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾವು ಈ ಬರಹ ಬರೆಯುತ್ತಿರಲಿಲ್ಲ.

ಅವತ್ತು ರಾತ್ರಿ ನಾವು ಖುಷಿಯಲ್ಲಿ ಒಂದು ವಾಯ್ಸ್ ಮೆಸೇಜ್ ಮಾಡಿ ಊರಿನ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹಾಕಿದೆವು. "ಆಪರೇಷನ್ ಆದ ಕಾಲು ಇಳಿಬಿಟ್ಟಾಗ ಕಪ್ಪಾಗೋದು ಸಹಜ, ಯಾರೂ ಹೆದರಬೇಡಿ" ಅಂತ. ಅದು ಎಲ್ಲೆಲ್ಲೋ ಹೋಯಿತು. ಚಳ್ಳಕೆರೆ ಸೀಮೆಯ ಒಂದು ಹಳ್ಳಿಯಲ್ಲಿ, ಕಾಲ್ಬೆರಳಿನ ಹುಣ್ಣಿಗೆ ಸಣ್ಣ ಆಪರೇಷನ್ ಮಾಡಿಸಿಕೊಂಡು ಬಂದಿದ್ದ ಒಬ್ಬರಿಗೂ ತಲುಪಿತು. ವಯಸ್ಸು ನಲವತ್ತರ ಆಸುಪಾಸು, ದಿನಕ್ಕೆ ಎರಡು ಕಟ್ಟು ಬೀಡಿ. ಅವರ ಪಾದವೂ ಇಳಿಬಿಟ್ಟಾಗ ಕೆಂಗಪ್ಪಾಗುತ್ತಿತ್ತು. ಆದರೆ ಎತ್ತಿ ಇಟ್ಟರೆ ಸುಣ್ಣ ಬಳಿದಂತೆ ಬಿಳುಚಿ ಜೀವ ಹೋಗುವಷ್ಟು ನೋಯುತ್ತಿತ್ತು. ರಾತ್ರಿಯೆಲ್ಲ ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟು ಕೂತರೆ ಮಾತ್ರ ನೆಮ್ಮದಿ. ಮನೆಯವರು ನಮ್ಮ ಮೆಸೇಜನ್ನು ಅವರಿಗೆ ಎರಡು ಸಲ ಕೇಳಿಸಿದ್ದರಂತೆ. ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಬೆರಳುಗಳು ಒಣಗಿ ಕರಿಕಾಗಿದ್ದವು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಮುಂಚೆ ಹೋಗಿದ್ದರೆ ಉಳಿಯುತ್ತಿತ್ತಾ ಅನ್ನೋದನ್ನು ಹೇಳಲು ನಾವು ಡಾಕ್ಟರಲ್ಲ. ಆದರೆ ತಡವಾದ ದಿನಗಳಲ್ಲಿ ಒಂದಷ್ಟು ನಮ್ಮ ಲೆಕ್ಕಕ್ಕೆ ಸೇರಿದವು. ಅರ್ಧ ಸತ್ಯವನ್ನು ಪೂರ್ತಿ ಧೈರ್ಯದಿಂದ ಹೇಳಿದ್ದಕ್ಕೆ ಇದು ನಮ್ಮ ತಪ್ಪೊಪ್ಪಿಗೆ. ಹಾಗಂತ ಬರೀ ತಪ್ಪೊಪ್ಪಿಗೆ ಬರೆದು ಸುಮ್ಮನಾಗುವುದಿಲ್ಲ. ವಾಟ್ಸಾಪಿನಲ್ಲಿ ನಾವು ಹೇಳಿದ್ದನ್ನು ಜನ ನಂಬಿದ್ದು ಯಾಕೆ? ಹೇಳಬೇಕಾದವರು ಹೇಳಲಿಲ್ಲ, ಅದಕ್ಕೆ.

ಮೊದಲು ಆ ಅರ್ಧ ಸತ್ಯವನ್ನು ಪೂರ್ತಿ ಮಾಡುತ್ತೇವೆ.

ಹೃದಯ ರಕ್ತವನ್ನು ಪಾದದ ತನಕ ತಳ್ಳುತ್ತದೆ. ಅದನ್ನು ವಾಪಸ್ ಮೇಲಕ್ಕೆ ಕಳಿಸುವ ಮುಖ್ಯ ಕೆಲಸ ಮೀನಖಂಡದ್ದು. ನಡೆಯುವಾಗ ಅದು ಬಿಗಿದು ಸಡಿಲಾಗುತ್ತಾ ಒಳಗಿನ ರಕ್ತನಾಳಗಳನ್ನು ಹಿಂಡುತ್ತದೆ. ನಾಳದೊಳಗಿನ ಪುಟ್ಟ ಕವಾಟಗಳು ಏರಿದ ರಕ್ತ ಮತ್ತೆ ಕೆಳಗೆ ಜಾರದಂತೆ ತಡೆಯುತ್ತವೆ. ನಮ್ಮೂರ ಹಳೇ ಬೋರಿಂಗ್ ಪಂಪು ನೆನಪಿಸಿಕೊಳ್ಳಿ, ಒತ್ತಿದರೆ ಮಾತ್ರ ನೀರು ಮೇಲೆ ಬರುತ್ತಿತ್ತು. ಆಪರೇಷನ್ ಆಗಿ ವಾರಗಟ್ಟಲೆ ಕಾಲು ನೆಲಕ್ಕೆ ಊರದಿದ್ದರೆ ಮೀನಖಂಡ ಸಣ್ಣಗಾಗುತ್ತದೆ, ಹರಡು ಬಿಗಿಯುತ್ತದೆ, ಪಂಪು ನಿಂತಂತೆಯೇ. ಆಗ ಕಾಲು ಇಳಿಬಿಟ್ಟರೆ ರಕ್ತ ಪಾದದಲ್ಲಿ ನಿಂತು ನೇರಳೆ ಬಣ್ಣ ತೋರಿಸುತ್ತದೆ. ಎತ್ತಿಟ್ಟರೆ ಇಳಿಯುತ್ತದೆ. ಪಾದ ಬೆಚ್ಚಗಿರುತ್ತದೆ. ಹಲವರಿಗೆ ಇದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ, ನಡೆದಾಡುತ್ತಾ ಬಂದಂತೆ ಕಮ್ಮಿಯಾಗುತ್ತದೆ. ನಮ್ಮ ಗೆಳೆಯನ ಅಪ್ಪನದು ಇದೇ.

ಬೀಡಿ ಸೇದುವವರದ್ದು ಬೇರೆ ಕಥೆ. ಅಲ್ಲಿ ರಕ್ತ ತರುವ ನಾಳವೇ ಕಟ್ಟಿಕೊಂಡಿದೆ. ಎತ್ತಿಟ್ಟರೆ ಬರುವ ಅಷ್ಟಿಷ್ಟು ರಕ್ತವೂ ನಿಂತು ಪಾದ ಬಿಳುಚುತ್ತದೆ. ಇಳಿಬಿಟ್ಟರೆ ತೂಕಕ್ಕೆ ಒಂದಿಷ್ಟು ಇಳಿದು ಕೆಂಗಪ್ಪಾಗುತ್ತದೆ. ತಂಬಾಕಿನಿಂದ ಬರುವ ಈ ರೋಗವನ್ನು 1908ರಲ್ಲಿ ಲಿಯೋ ಬರ್ಜರ್ ಎಂಬ ವೈದ್ಯರು ವಿವರವಾಗಿ ಬರೆದರು, ಅವರ ಹೆಸರಿನಿಂದಲೇ ಬರ್ಜರ್ ಕಾಯಿಲೆ ಅನ್ನುತ್ತಾರೆ. ಹೆಚ್ಚಾಗಿ ನಲವತ್ತೈದರೊಳಗಿನ ಗಂಡಸರಿಗೆ ಬರುತ್ತದೆ. ಅದಕ್ಕೆ ಇರುವ ನಿಜವಾದ ಮದ್ದು ಒಂದೇ, ಬೀಡಿ ಸಿಗರೇಟು ಪೂರ್ತಿ ಬಿಡುವುದು. "ದಿನಕ್ಕೆ ಎರಡೇ ಎರಡು" ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಶುಗರ್ ಇರುವವರಿಗೂ, ವಯಸ್ಸಾದವರಿಗೂ ರಕ್ತ ತರುವ ನಾಳ ಬೇರೆ ಕಾರಣಕ್ಕೆ ಕಟ್ಟಿಕೊಳ್ಳುತ್ತದೆ. ಶುಗರ್ ಇದ್ದವರ ಕಥೆ ಇನ್ನೂ ಕಷ್ಟ. ನರ ಮಂಕಾಗಿ ನೋವೇ ಗೊತ್ತಾಗುವುದಿಲ್ಲ, ಪಾದ ಬೆಚ್ಚಗೇ ಇದ್ದು ಒಳಗೆ ಕೊಳೆಯುತ್ತಿರಬಹುದು.

ಹಾಗಾಗಿ ಇಳಿಬಿಟ್ಟಾಗ ಕಪ್ಪಾಗುವುದಕ್ಕೆ ಎರಡು ಅರ್ಥ ಇವೆ. ಒಂದು ಅರ್ಥದಲ್ಲಿ ಹೆದರಬೇಕಿಲ್ಲ, ಇನ್ನೊಂದರಲ್ಲಿ ಅವತ್ತೇ ಗಾಡಿ ಹತ್ತಬೇಕು. ಬಣ್ಣ ಒಂದನ್ನೇ ನೋಡಿದರೆ ಯಾವುದು ಯಾವುದು ಅಂತ ಹೇಳಲಾಗುವುದಿಲ್ಲ. 'ವಾಚ್ ಫಾರ್ ಡಿಸ್‌ಕಲರೇಷನ್' ಅಂತ ಬರೆದವರು ಬಣ್ಣ ನೋಡು ಅಂದರೇ ಹೊರತು, ನೋಡಿದ ಮೇಲೆ ಏನು ಅನ್ನೋದನ್ನು ಬರೆಯಲಿಲ್ಲ.

ಇನ್ನು ಬಣ್ಣದ ಮಾತು. ಡಾಕ್ಟರು ಓದುವ ಪುಸ್ತಕದಲ್ಲಿ ಒಳ್ಳೆಯ ಪಾದ ಗುಲಾಬಿ, ಸೋಂಕಾದ ಪಾದ ಕೆಂಪು, ರಕ್ತವಿಲ್ಲದ್ದು ನೀಲಿ ಅಥವಾ ಬಿಳಿ. ಯಾರ ಪಾದ ಅದು? ಬಿಸಿಲಲ್ಲಿ ಶೇಂಗಾ ಕೀಳುವ, ಕುರಿ ಹಿಂದೆ ಬರಿಗಾಲಲ್ಲಿ ಓಡಾಡುವ ನಮ್ಮ ಸೀಮೆಯವರ ಪಾದ ಹುಟ್ಟಿದಾಗಿನಿಂದ ಗುಲಾಬಿ ಆಗಿದ್ದನ್ನು ಯಾರೂ ನೋಡಿಲ್ಲ. ನಮ್ಮ ಚರ್ಮದಲ್ಲಿ ಸೋಂಕಿನ ಕೆಂಪು ಕೆಂಪಾಗಿ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ, ಮಿರುಗುತ್ತಾ, ಮುಟ್ಟಿದರೆ ಬಿಸಿಯಾಗಿ, ಗಟ್ಟಿಯಾಗಿ ಗೊತ್ತಾಗುತ್ತದೆ. ನೀಲಿಯೂ ಅಷ್ಟೇ. ಚರ್ಮದಲ್ಲಿ ಹುಡುಕಿದರೆ ಸಿಗದು, ಉಗುರಿನ ಕೆಳಗೆ, ಅಂಗಾಲಿನಲ್ಲಿ ನೋಡಬೇಕು.

ಇದು ನಮ್ಮ ತಕರಾರು ಮಾತ್ರ ಅಲ್ಲ. ಲಂಡನ್ನಿನ ಸೇಂಟ್ ಜಾರ್ಜ್ಸ್ ಕಾಲೇಜಿನಲ್ಲಿ ವೈದ್ಯಕೀಯ ಓದುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿಗೆ ಇದೇ ಪ್ರಶ್ನೆ ಬಂತು. ಪಾಠದಲ್ಲಿ ತೋರಿಸುವ ಚಿತ್ರಗಳೆಲ್ಲ ಬಿಳಿ ಚರ್ಮದವು, ನನ್ನಂಥವರ ಮೈಮೇಲೆ ಇದೇ ರೋಗ ಹೇಗೆ ಕಾಣುತ್ತದೆ ಅಂತ. ಅಧ್ಯಾಪಕರ ಜೊತೆ ಸೇರಿ 2020ರಲ್ಲಿ ಕಪ್ಪು ಮತ್ತು ಕಂದು ಚರ್ಮದ ರೋಗಲಕ್ಷಣಗಳ ಕೈಪಿಡಿಯನ್ನೇ ಮಾಡಿದ. ಅದೇ ವರ್ಷದ ಕೊನೆಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು, ಕೊರೊನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಕಪ್ಪು ಜನರ ಆಮ್ಲಜನಕದ ಕುಸಿತವನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ತಪ್ಪಿಸುತ್ತದೆ ಅಂತ ತೋರಿಸಿದರು. ಯಂತ್ರವೇ ಮೋಸ ಹೋಗುವಾಗ ಕಣ್ಣು ಹೋಗದೆ ಇರುತ್ತದಾ?

ಆದ್ದರಿಂದ ನಮ್ಮ ಮಾತು ಇಷ್ಟೇ. ಕಣ್ಣಿಗಿಂತ ಕೈ ನಂಬಿ. ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನ ಇರುವ ಬಂಡೆಗೆ ಬಳೆಗಾರರ ಗುಂಡು ಅಂತ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವಂತೆ. ಬಳೆಗಾರ ಕೈ ನೋಡಿ ಅಳತೆ ಹೇಳುವುದಿಲ್ಲ. ಹಿಡಿದು, ಮೆಲ್ಲಗೆ ಅದುಮಿ, ಆಮೇಲೆ ಬಳೆ ತೆಗೆಯುತ್ತಾನೆ. ಆಪರೇಷನ್ ಆದ ಪಾದವನ್ನು ಹಾಗೆ ಹಿಡಿಯಬೇಕು. ಎರಡೂ ಪಾದ ಮುಟ್ಟಿ, ಯಾವುದು ತಣ್ಣಗಿದೆ ನೋಡಿ. ಹೆಬ್ಬೆರಳಿನ ಉಗುರು ಒತ್ತಿ ಬಿಡಿ, ಎರಡು ಮೂರು ಎಣಿಸುವುದರೊಳಗೆ ಬಣ್ಣ ವಾಪಸ್ ಬರಬೇಕು. ಗೋರಂಟಿ, ನೇಲ್ ಪಾಲಿಶ್ ಹಚ್ಚಿದ್ದರೆ ಬೆರಳಿನ ತುದಿಯ ತಳ ಒತ್ತಿ ನೋಡಿ. ಬೆರಳು ಆಡುತ್ತಾ, ಮುಟ್ಟಿದ್ದು ಗೊತ್ತಾಗುತ್ತಾ ಕೇಳಿ. ಕಾಲು ಎತ್ತಿಟ್ಟಾಗ ನೋವು ಕಮ್ಮಿಯಾಗುತ್ತಾ, ಜಾಸ್ತಿಯಾಗುತ್ತಾ ಕೇಳಿ. ಈ ಕೊನೆಯ ಪ್ರಶ್ನೆಯನ್ನು ನಮ್ಮ ವಾಯ್ಸ್ ಮೆಸೇಜಿನಲ್ಲಿ ಹಾಕಿದ್ದರೆ ಚಳ್ಳಕೆರೆಯ ಆ ಮನೆಯವರು ಅವತ್ತೇ ಗಾಡಿ ಮಾಡುತ್ತಿದ್ದರು ಅಂತ ನಮಗೆ ಈಗಲೂ ಅನ್ನಿಸುತ್ತದೆ.

ಪಾದ ತಣ್ಣಗೆ ಬಿಳುಚಿದ್ದರೆ, ಎತ್ತಿಟ್ಟರೂ ಹೋಗದ ಕಪ್ಪು ನೀಲಿ ಇದ್ದರೆ, ಬೆರಳು ಜೋಮು ಹಿಡಿದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಮಾಡಿ. ಸಿಮೆಂಟ್ ಪಟ್ಟಿ ಹಾಕಿದ ಹೊಸದರಲ್ಲಿ ಮಾತ್ರೆಗೂ ಬಗ್ಗದ ನೋವು, ಯಾರಾದರೂ ಬೆರಳನ್ನು ಮೆಲ್ಲಗೆ ಮೇಲಕ್ಕೆ ಎತ್ತಿದರೆ ಕಿರುಚುವಂಥ ನೋವು ಬಂದರೆ ಬಣ್ಣ ಬದಲಾಗಲಿ ಅಂತಲೂ ಕಾಯಬೇಡಿ. ಒಳಗೆ ಬಾವು ಏರಿ ರಕ್ತ ಹಿಸುಕಿಕೊಂಡಿದೆ ಅಂತ ಅರ್ಥ, ಅಲ್ಲಿ ಬಣ್ಣ ಕೊನೆಗೆ ಬದಲಾಗುತ್ತದೆ. ರಕ್ತವಿಲ್ಲದೆ ಮಾಂಸ ತಡೆಯುವುದು ಹೆಚ್ಚೆಂದರೆ ಆರು ಗಂಟೆ ಆಸುಪಾಸು. ಮೊಳಕಾಲ್ಮೂರಿನ ಹಳ್ಳಿಯಿಂದ ಬಳ್ಳಾರಿಗೋ ಚಿತ್ರದುರ್ಗಕ್ಕೋ ರಾತ್ರಿ ಹೊತ್ತು ಗಾಡಿ ಹುಡುಕಿ ಹೊರಡುವುದರಲ್ಲೇ ಅದರ ದೊಡ್ಡ ಪಾಲು ಕಳೆದುಹೋಗುತ್ತದೆ.

ಹೆದರಬೇಕಿಲ್ಲದ ಬಣ್ಣಗಳೂ ಇವೆ. ಹಚ್ಚಿದ ಅಯೋಡಿನ್ ಔಷಧಿಯ ಕಂದು ಕಲೆ ತೊಳೆದಂತೆ ಹೋಗುತ್ತದೆ. ಮೇಲೆ ಕಂದಿದ ರಕ್ತ ಕೆಲವು ದಿನದಲ್ಲಿ ಬೆರಳಿನ ಕಡೆ ಇಳಿದು ಕಪ್ಪು, ಹಸಿರು, ಹಳದಿ ಆಗಿ ಮಾಯುತ್ತದೆ. ಗಾಯದ ಸುತ್ತ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುವುದು ನಮ್ಮ ಚರ್ಮದ ಗುಣ.

ಇನ್ನೊಂದು ಬಣ್ಣದ ಬಗ್ಗೆ ಜಗಳವನ್ನೇ ಆಡಬೇಕು. ಕೆಲವರಿಗೆ ಮೂಳೆ ಕೂಡಿದ ಮೇಲೂ ಪಾದ ಉರಿಯುತ್ತದೆ, ಸೀರೆ ಸೆರಗು ತಾಗಿದರೂ ತಡೆಯಲಾಗದು, ಒಮ್ಮೆ ಕೆಂಪು ಒಮ್ಮೆ ನೀಲಿ, ಒಮ್ಮೆ ಬೆವರು. ಎಕ್ಸ್‌ರೇ ಸರಿಯಿದೆ ಅನ್ನುವ ಕಾರಣಕ್ಕೆ ಮನೆಯಲ್ಲೂ ಆಸ್ಪತ್ರೆಯಲ್ಲೂ "ನಾಟಕ" ಅನ್ನುತ್ತಾರೆ, ಅದರಲ್ಲೂ ಹೆಂಗಸಾದರೆ. ನಾಟಕ ಅಲ್ಲ. ಗುಂಡೇಟಿನಿಂದ ನರಕ್ಕೆ ಪೆಟ್ಟಾದ ಸೈನಿಕರಲ್ಲಿ ಇಂಥ ಉರಿಯನ್ನು ವೈರ್ ಮಿಚೆಲ್ ಎಂಬ ವೈದ್ಯರು 1860ರ ದಶಕದ ಅಮೆರಿಕದ ಅಂತರ್ಯುದ್ಧದಲ್ಲೇ ಬರೆದಿಟ್ಟಿದ್ದಾರೆ. ನೂರೈವತ್ತು ವರ್ಷ ದಾಟಿದೆ. ಬೇಗ ಗುರುತಿಸಿ ವ್ಯಾಯಾಮ, ಔಷಧಿ ಶುರು ಮಾಡಿದರೆ ಗುಣ ಕಾಣುತ್ತದೆ. ತಡವಾದಷ್ಟೂ ಕಾಲು ಸೆಟೆದುಕೊಳ್ಳುತ್ತದೆ.

ತಪ್ಪೆಲ್ಲ ಆಸ್ಪತ್ರೆಯ ತಲೆಗೆ ಕಟ್ಟುವುದಿಲ್ಲ. ನಮ್ಮ ಮನೆಗಳಲ್ಲೂ ಇದೆ. ಅವತ್ತು ಬೆಟ್ಟದ ಬುಡದಲ್ಲಿ ಎಣ್ಣೆ ಹಾಕಿ ನೀವಿದ ಹಿರಿಯರು ಪ್ರೀತಿಯಿಂದಲೇ ನೀವಿದರು. ಆದರೆ ಆಪರೇಷನ್ ಆಗಿ ಓಡಾಟವಿಲ್ಲದ ಕಾಲಿನ ಮೀನಖಂಡದೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಒಂದೇ ಕಾಲು ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಅದರ ಗುರುತು. ನೀವಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಉಸಿರು ಕಟ್ಟಿ, ಎದೆ ನೋವು ಬಂದು ಮನುಷ್ಯ ಅಲ್ಲೇ ಕುಸಿಯಬಹುದು. ಮೊದಲ ಮೂರು ತಿಂಗಳು ಈ ಭಯ ಇದ್ದೇ ಇರುತ್ತದೆ.

ಕಾಲುಂಗುರ. ಆಪರೇಷನ್ ಆಗಲಿರುವ ಕಾಲಿನ ಬೆರಳಿಂದ ಅದನ್ನು ತೆಗೆಯಲು ನಮ್ಮ ಅಮ್ಮಂದಿರು ಒಪ್ಪುವುದಿಲ್ಲ. ಬಾವು ಬಂದ ಮೇಲೆ ಅದೇ ಉಂಗುರ ಬೆರಳಿಗೆ ಉರುಳಾಗುತ್ತದೆ. ದೃಷ್ಟಿಗೆ ಹರಡಿನ ಮೇಲೆ ಕಟ್ಟುವ ಕಪ್ಪು ದಾರದ್ದೂ ಅದೇ ಕಥೆ. ಆ ದಾರ ಕೈಗೆ ಕಟ್ಟಿಕೊಳ್ಳಿ, ದೇವರು ಬೇಡ ಅನ್ನುವುದಿಲ್ಲ. ಪಾದ ತಣ್ಣಗಿದೆ ಅಂತ ಬಿಸಿನೀರಿನ ಚೀಲ ಇಡುವುದು ಇನ್ನೊಂದು. ಶುಗರ್ ಇದ್ದವರಿಗೆ ಸುಟ್ಟದ್ದು ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಆಮೇಲೆ ಪುತ್ತೂರು ಕಟ್ಟು. ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು. ಗಡಿ ಪಕ್ಕದ ನಮ್ಮವರಿಗೆ ಅದರ ಮೇಲೆ ಅಪಾರ ನಂಬಿಕೆ. ಎಷ್ಟೋ ಜನಕ್ಕೆ ಮೂಳೆ ಕೂಡಿದ್ದೂ ಉಂಟು, ನಾವು ಅಲ್ಲಗಳೆಯುವುದಿಲ್ಲ. ಆದರೆ ಕಟ್ಟಿದ ಮೇಲೆ ಬೆರಳು ಊದಿ ಕಪ್ಪಾದರೆ "ಕಟ್ಟು ಕೆಲಸ ಮಾಡ್ತೈತೆ" ಅನ್ನುವ ಮಾತಿದೆಯಲ್ಲ, ಅದು ಶುದ್ಧ ಸುಳ್ಳು. ಕಟ್ಟು ಬಿಗಿಯಾಗಿದೆ, ಅಷ್ಟೇ. ನಾಟಿ ವೈದ್ಯರು ಕಟ್ಟಿದ್ದಿರಲಿ, ಎಂ.ಎಸ್. ಆದ ಡಾಕ್ಟರು ಕಟ್ಟಿದ್ದಿರಲಿ, ಬಿಗಿಯಾದ ಕಟ್ಟು ಬಿಗಿಯೇ. ತಕ್ಷಣ ಸಡಿಲ ಮಾಡಿಸಬೇಕು.

ಈಗ ಆಸ್ಪತ್ರೆಗೆ ಬರೋಣ. ಸರ್ಕಾರಿ ಇರಲಿ ಖಾಸಗಿ ಇರಲಿ, ನಾವು ಕೇಳುವುದು ಎರಡೇ. ಒಂದು, ಡಿಸ್ಚಾರ್ಜ್ ಚೀಟಿಯಲ್ಲಿ ಮನೆಯಲ್ಲಿ ಮಾಡಬೇಕಾದ್ದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಅರ್ಧ ಪುಟ. ಎರಡು, ಮನೆಗೆ ಕಳಿಸುವ ಮುಂಚೆ ಹತ್ತು ನಿಮಿಷ ರೋಗಿಯ ಕೈಯನ್ನೇ ಅವರ ಪಾದದ ಮೇಲೆ ಇಡಿಸಿ ಉಗುರು ಒತ್ತುವುದು, ಬಿಸಿ ತಣ್ಣಗೆ ನೋಡುವುದು ಕಲಿಸಬೇಕು. ಪಾದದ ಮೇಲೆ ನಾಡಿ ಸಿಗುವ ಜಾಗಕ್ಕೆ ಪೆನ್ನಿನಲ್ಲಿ ಚುಕ್ಕೆ ಇಟ್ಟುಕೊಟ್ಟರೆ ಇನ್ನೂ ಒಳ್ಳೆಯದು. ಆರೋಗ್ಯವಂತರಲ್ಲೂ ಕೆಲವರಿಗೆ ಅದು ಅಲ್ಲಿ ಸಿಗುವುದೇ ಇಲ್ಲ. ಸಿಗಲ್ಲ ಅನ್ನೋದು ಮುಂಚೆ ಗೊತ್ತಿದ್ದರೆ ಆಮೇಲೆ ಗಾಬರಿ ಇಲ್ಲ.

ಇದಕ್ಕೆ ಬರುವ ಉತ್ತರಗಳನ್ನು ನಾವು ಕೇಳಿದ್ದೇವೆ. "ಟೈಮ್ ಇಲ್ಲ, ಒಪಿಡಿಯಲ್ಲಿ ಇನ್ನೂರು ಜನ ಇದ್ದಾರೆ." ನಿಜ, ಡಾಕ್ಟರಿಗೆ ಇಲ್ಲ. ಹತ್ತು ನಿಮಿಷ ನರ್ಸ್ ಕೊಡಬಹುದು, ನಮಗೆ ಕೊಟ್ಟದ್ದೂ ಒಬ್ಬ ನರ್ಸೇ. "ಎಲ್ಲ ಅಪಾಯ ಹೇಳಿದರೆ ಹಳ್ಳಿ ಜನ ಹೆದರುತ್ತಾರೆ." ಬೆಟ್ಟದ ಬುಡದಲ್ಲಿ ಹೆದರಿದ್ದು ಹೇಳಿದ್ದಕ್ಕಲ್ಲ, ಹೇಳದೆ ಇದ್ದದ್ದಕ್ಕೆ. "ಹೇಳಿದರೂ ಅವರು ಕೇಳಲ್ಲ." ನೇಯ್ಗೆಯವರಿಗೆ ಕಾಲು ಎತ್ತಿಟ್ಟುಕೊಂಡಿರಿ ಅಂತ ಬರೆದುಕೊಟ್ಟಿರಿ. ಗುಂಡಿ ಮಗ್ಗ ನೋಡಿದ್ದೀರಾ? ನೆಲದಲ್ಲಿ ತೋಡಿದ ಗುಂಡಿಯೊಳಗೆ ಎರಡೂ ಕಾಲು ಇಳಿಬಿಟ್ಟು ಬೆಳಗಿಂದ ಸಂಜೆ ತನಕ ತುಳಿಯುವ ಕೆಲಸ ಅದು. ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆ ಬರುವುದು ಆ ಗುಂಡಿಯಿಂದಲೇ. ಅವರ ಕಾಲು ಇಳಿಬಿಡದೆ ಊಟ ಹುಟ್ಟುವುದಿಲ್ಲ. ಏನು ಕೆಲಸ ಮಾಡ್ತೀರಿ ಅಂತ ಒಂದು ಮಾತು ಕೇಳಿದ್ದರೆ ಚೀಟಿ ಬೇರೆ ಥರ ಬರೆಯಬಹುದಿತ್ತು. ಎಷ್ಟು ಹೊತ್ತಿಗೊಮ್ಮೆ ಮೇಲೆ ಬರಬೇಕು, ಯಾವ ವ್ಯಾಯಾಮ ಮಾಡಬೇಕು ಅಂತ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕು ಅಂತ ಆರೋಗ್ಯ ಸಚಿವರಿಗೆ ಪತ್ರ ಬರೆದಾಗ ದೊಡ್ಡ ಚರ್ಚೆ ಆಯಿತು. ಅವರ ಕಾಳಜಿಗೆ ನಮ್ಮ ಗೌರವ ಇದೆ. ಆದರೆ ಮಾತ್ರೆಯ ಹೆಸರು ಓದುವುದು ಮೆಡಿಕಲ್ ಶಾಪಿನವರು, ಅದು ಯಾವ ಲಿಪಿಯಲ್ಲಿದ್ದರೂ ನಮಗೆ ವ್ಯತ್ಯಾಸ ಕಮ್ಮಿ. ನಾವು ಓದಬೇಕಾದ ಸಾಲುಗಳಿರುವುದು ಡಿಸ್ಚಾರ್ಜ್ ಚೀಟಿಯ ಕೊನೆಯ ಪುಟದಲ್ಲಿ. ಕನ್ನಡ ಅಲ್ಲಿ ಮೊದಲು ಬರಬೇಕಿತ್ತು.

ಇನ್ನೊಂದು ಲೆಕ್ಕ ನೋಡಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು ಅಂತ ನಿಯಮ ಇದೆ. ಮಗು ಬೆಚ್ಚಗಿದೆಯಾ ಅಂತ ಮುಟ್ಟಿ ನೋಡುವುದೂ ಅದರಲ್ಲಿ ಸೇರಿದೆ. ಒಳ್ಳೆಯ ನಿಯಮ. ಆಯುಷ್ಮಾನ್ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ, ಅದೂ ಒಳ್ಳೆಯದೇ. ಅಷ್ಟು ದುಡ್ಡು ಸುರಿದು ಕಾಲು ಜೋಡಿಸಿದ ಮೇಲೆ ಮನೆಗೆ ಬಂದು ಆ ಪಾದ ಬೆಚ್ಚಗಿದೆಯಾ ಅಂತ ಮುಟ್ಟಿ ನೋಡುವ ಒಂದು ಕೈಯನ್ನು ಸರ್ಕಾರ ಯಾಕೆ ಕಳಿಸುವುದಿಲ್ಲ? ಎರಡು ಭೇಟಿ ಸಾಕು. ಹಾಂ, ಆಶಾ ಅಕ್ಕಂದಿರ ತಲೆ ಮೇಲೆ ಪುಕ್ಕಟೆಯಾಗಿ ಇದನ್ನೂ ಹೇರಿ ಅನ್ನುತ್ತಿಲ್ಲ. ಗೌರವಧನಕ್ಕಾಗಿ ಅವರು ಬೆಂಗಳೂರಿನ ಬೀದಿಯಲ್ಲಿ ಕೂತಿದ್ದನ್ನು ನಾವೂ ನೋಡಿದ್ದೇವೆ. ಕೆಲಸಕ್ಕೆ ಕಾಸು ಕೊಟ್ಟು ಕಳಿಸಿ.

ಬೆಟ್ಟದ ಮೇಲಿನ ಶಾಸನದ ವಿಷಯ ಹೇಳದೆ ಬಿಟ್ಟೆವು. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನ ಪತ್ತೆ ಮಾಡಿದರು. ಜಟಿಂಗ ರಾಮೇಶ್ವರದ ಅಕ್ಷರಗಳು ತುಂಬಾ ಸವೆದಿವೆ, ಬ್ರಹ್ಮಗಿರಿಯದ್ದು ಚೆನ್ನಾಗಿದೆ. ಅದು ಶುರುವಾಗುವುದೇ ಸುವರ್ಣಗಿರಿಯ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲದ ಅಧಿಕಾರಿಗಳ ಆರೋಗ್ಯ ವಿಚಾರಿಸುವ ಮಾತಿನಿಂದ. ನಮ್ಮ ನೆಲದಲ್ಲಿ ಸಿಕ್ಕ ಅಷ್ಟು ಹಳೆಯ ಸರ್ಕಾರಿ ಕಾಗದದ ಮೊದಲ ಸಾಲೇ ಆರೋಗ್ಯ. ಓದಿ ಖುಷಿಯಾಯಿತು. ಆಮೇಲೆ ಕೊನೆಗೆ ಬಂದರೆ, ಬರೆದ ಚಪಡ ಎಂಬ ಲಿಪಿಕಾರ ತನ್ನ ಹುದ್ದೆಯ ಹೆಸರನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಇಲ್ಲಿ ಯಾರಿಗೆ ಓದಲು ಬರುತ್ತಿತ್ತೋ! ಓದುವವನಿಗೆ ಬಾರದ ಲಿಪಿಯಲ್ಲಿ ಬರೆಯುವ ಚಪಲ ಅಷ್ಟು ಹಳೆಯದು ಅಂತ ನಾವು ನಕ್ಕೆವು. ಇಳಿದು ಬಂದಾಗ ಕೆಳಗೆ ಅಪ್ಪನ ಕಾಲು ನೇರಳೆಯಾಗಿತ್ತು.

ಎಸ್‌ಓಎಸ್ ಅಂದರೆ ಏನು ಅಂತ ಆಮೇಲೆ ಹುಡುಕಿದೆವು. ಅದು ಇಂಗ್ಲಿಷೂ ಅಲ್ಲ, ಲ್ಯಾಟಿನ್. 'ಅಗತ್ಯ ಬಿದ್ದರೆ' ಅಂತ ಅರ್ಥ. ಅಗತ್ಯ ಬಿದ್ದರೆ ಬನ್ನಿ ಅಂತ ಬರೆದಿದ್ದರು. ಅಪ್ಪನಿಗೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಪ್ಪ, ಅಗತ್ಯ ಬಿದ್ದೈತೆ ಅಂತ ನಂಗೆ ಗೊತ್ತಾಗೋದು ಹೆಂಗೆ?" ಅಂದರು.

ಆ ಹಳೇ ವಾಯ್ಸ್ ಮೆಸೇಜನ್ನು ಅಳಿಸಿ ಅಂತ ಎಲ್ಲ ಗ್ರೂಪುಗಳಿಗೂ ಹೇಳಿದ್ದೇವೆ. ನಿಮ್ಮ ಫೋನಿನಲ್ಲಿ ಇದ್ದರೆ ದಯವಿಟ್ಟು ಅಳಿಸಿ. ಈಗ ಅಪ್ಪ ಮತ್ತೆ ಮಗ್ಗಕ್ಕೆ ಇಳಿದಿದ್ದಾರೆ. ಅರ್ಧ ಗಂಟೆಗೊಮ್ಮೆ ಗುಂಡಿಯಿಂದ ಮೇಲೆ ಬಂದು, ಕಾಲನ್ನು ಗೋಡೆಗೆ ಆನಿಸಿ ಮಲಗಿ, ಪಾದವನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸುತ್ತಾರೆ. ನಾಲ್ಕು ದಿನಕ್ಕೆ ಇಳಿಯುತ್ತಿದ್ದ ಸೀರೆಗೆ ಈಗ ಆರು ದಿನ ಹಿಡಿಯುತ್ತಿದೆ.